ರಾಗಿ ಬಾವಿ

ಕನ್ನಡದಲ್ಲಿ ಕೆರೆಗೆ ಏರಿ ಇರುತ್ತದೆ. ತಮಿಳಿನಲ್ಲಿ ಏರಿಗೆ ಕರೆ ಇರುತ್ತದೆ. ನಾವು ‘ಕೆರೆ ಏರಿ ಮೇಲೆ ಹೋಗ್ತಿದ್ದೆ’ ಅನ್ನುತ್ತೇವೆ. ಅದೇ ಮಣ್ಣಿನ ಕಟ್ಟೆಯ ಮೇಲೆ ಎದುರಿನಿಂದ ಬರುವ ತಮಿಳಿನವರು ‘ಏರಿಕ್ಕರೆ’ ಮೇಲೆ ಬರುತ್ತಿರುತ್ತಾರೆ. ನಮ್ಮ ಏರಿ ಒಣ ನೆಲ, ಅವರ ಏರಿ ತುಂಬ ನೀರು. ನಮ್ಮ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತದೆ, ಅವರ ಕರೆಯ ಮೇಲೆ ಜನ ಗಾಳಿಗೆ ಕೂರುತ್ತಾರೆ. ಇಷ್ಟೆಲ್ಲ ಅದಲುಬದಲಾಗಿದ್ದರೂ ಬೇರಿಕೆ ಕಡೆ ಯಾರಾದರೂ ಈ ಕಾರಣಕ್ಕೆ ನೀರಿಗೆ ಬಿದ್ದರೆಂದು ನಾನು ಕೇಳಿಲ್ಲ. ಮಾತನ್ನು ಕಿವಿಯೊಂದರಿಂದಲೇ ಕೇಳಬಾರದು, ಕಣ್ಣನ್ನೂ ತೆರೆದಿಟ್ಟುಕೊಂಡು ಕೇಳಬೇಕು ಎನ್ನುವುದು ಆ ಸೀಮೆಯ ಮಕ್ಕಳಿಗೆ ಹಾಲು ಕುಡಿಯುವಾಗಲೇ ಗೊತ್ತಾಗುತ್ತದೆ.

ಬೇರಿಕೆ ಇರುವುದು ಹೊಸೂರಿನ ಆಚೆ, ಕೃಷ್ಣಗಿರಿ ಜಿಲ್ಲೆಯಲ್ಲಿ. ಗಡಿ ದಾಟಿದರೆ ನಮ್ಮ ಮಾಲೂರು ತಾಲ್ಲೂಕು. ಒಂದು ಕಾಲಕ್ಕೆ ಪಾಳೆಯಗಾರರ ಊರು. ಊರು ಕೂತ ಜಾಗದಿಂದ ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತ ಬಂತು: ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ನಮ್ಮ ದೊಡ್ಡಕ್ಕನನ್ನು ಕೊಟ್ಟಿರುವುದು ಆ ಊರಿಗೆ. ಅಕ್ಕ ಸೊಪ್ಪಿನವಳೊಡನೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾಳೆ, ಬಸ್ಸಿನ ಕಂಡಕ್ಟರನ ಹತ್ತಿರ ತಮಿಳಿನಲ್ಲಿ ಚಿಲ್ಲರೆ ಕೇಳುತ್ತಾಳೆ, ಭಾವನನ್ನು ಕನ್ನಡದಲ್ಲಿ ಬೈಯುತ್ತಾಳೆ. ಒಂದೊಂದು ಕೆಲಸಕ್ಕೆ ಒಂದೊಂದು ಭಾಷೆ. ಹೀಗೆ ಹಂಚಿಕೊಂಡಿರುವುದರಿಂದ ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳಿಸುತ್ತದೆ.

ಇಂಥ ಊರಿನಲ್ಲಿ ಮಾತು ಅನ್ನುವುದು ದಿನವೂ ಒಡ್ಡುವ ಒಗಟು. ಬಾಗಿಲಲ್ಲಿ ನಿಂತ ಮಗು ‘ಅಪ್ಪ ಇಲ್ಲೆ’ ಅಂದರೆ ತಮಿಳಿನಲ್ಲಿ ಅಪ್ಪ ಮನೆಯಲ್ಲಿಲ್ಲ ಎಂದರ್ಥ. ಕನ್ನಡದ ಕಿವಿಗೆ ಅಪ್ಪ ಇಲ್ಲೇ ಇದ್ದಾನೆ. ಸಾಲ ಕೇಳಲು ಬಂದವನು ಕನ್ನಡದವನಾದರೆ ಜಗುಲಿಯ ಮೇಲೆ ಕೂತುಬಿಡುತ್ತಾನೆ. ತೆಲುಗಿನಲ್ಲಿ ಪಾಲು ಎಂದರೆ ಹಾಲೂ ಹೌದು, ಹಿಸ್ಸೆಯೂ ಹೌದು. ಹಾಗಂತ ಅಣ್ಣತಮ್ಮಂದಿರು ಪಂಚಾಯಿತಿಗೆ ಕೂತು ‘ನನ್ನ ಪಾಲು ಕೊಡು’ ಎಂದು ಕಿರುಚಿದಾಗ ಯಾರೂ ಚೊಂಬು ಹಿಡಿದು ಕೊಟ್ಟಿಗೆಗೆ ಓಡುವುದಿಲ್ಲ. ತಮಿಳಿನ ‘ತಣ್ಣಿ’ಯೊಳಗೆ ತಣ್ಣಗಿನ ನೀರೇ ಇದ್ದರೂ ಸ್ನಾನಕ್ಕೆ ‘ಸುಡುತಣ್ಣಿ’ ಕೇಳುತ್ತಾರೆ, ಹಂಡೆಯಿಂದ ಹೊಗೆಯಾಡುವ ನೀರೇ ಬರುತ್ತದೆ. ನಮ್ಮ ‘ಮಾಡು’ ಅವರಿಗೆ ದನ. ‘ಮಾಡು ಮಾಡು’ ಎಂದು ಕನ್ನಡದ ಯಜಮಾನ ಆಳನ್ನು ಅವಸರಪಡಿಸಿದರೆ ಹೊಸದಾಗಿ ಬಂದ ತಮಿಳಿನ ಆಳು ಹಿಂತಿರುಗಿ ದನ ಎಲ್ಲಿ ಎಂದು ನೋಡಿದರೂ ನೋಡಿಯಾನು. ಆದರೆ ಒಂದು ಸಲ ಮಾತ್ರ. ಎರಡನೇ ಸಲಕ್ಕೆ ಯಜಮಾನನ ಮುಖ ನೋಡಿ ಕೆಲಸಕ್ಕೆ ಬಗ್ಗುತ್ತಾನೆ.

ಸಂತೆಯಲ್ಲಿ ಇಷ್ಟು ಜಾಣರಾದ ಈ ಮಕ್ಕಳನ್ನು ಶಾಲೆಯಲ್ಲಿ ಕೂರಿಸಿ ನಾವೇನು ಮಾಡುತ್ತೇವೆ? ಪಾಠದ ಕೊನೆಗೆ ‘ಪದಗಳ ಅರ್ಥ’ ಎಂದೊಂದು ಪಟ್ಟಿ ಕೊಡುತ್ತೇವೆ. ಎಡಗಡೆ ಗೊತ್ತಿಲ್ಲದ ಪದ, ನಡುವೆ ಸಮಚಿಹ್ನೆ, ಬಲಗಡೆ ಅದಕ್ಕಿಂತ ಗೊತ್ತಿಲ್ಲದ ಪದ. ಕೋಪ ಎಂದರೆ ಕ್ರೋಧ, ಕ್ರೋಧ ಎಂದರೆ ಸಿಟ್ಟು ಎಂದು ಎರಡು ಪಾಠ ದಾಟಿದ ಮೇಲೆ ಮಗು ತನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಿಟ್ಟಿಗೆ ಬಂದು ಸೇರುತ್ತದೆ. ಬಾಯಿಪಾಠ ಒಪ್ಪಿಸಿದ್ದಾಯಿತೆಂದರೆ ಮುಂದಿನ ಗಂಡಾಂತರ ‘ಸ್ವಂತ ವಾಕ್ಯದಲ್ಲಿ ಬಳಸಿರಿ’. ಇದಕ್ಕೆ ಮಕ್ಕಳು ಕಂಡುಕೊಂಡಿರುವ ಉಪಾಯ ನಿಮಗೂ ಗೊತ್ತಿರುತ್ತದೆ. ‘ಔದಾರ್ಯ’ ಕೊಟ್ಟರೆ ‘ಮೇಷ್ಟ್ರು ಹಲಗೆಯ ಮೇಲೆ ಔದಾರ್ಯ ಎಂದು ಬರೆದರು’. ‘ಪರಾಕ್ರಮ’ ಕೊಟ್ಟರೆ ‘ಮೇಷ್ಟ್ರು ಹಲಗೆಯ ಮೇಲೆ ಪರಾಕ್ರಮ ಎಂದು ಬರೆದರು’. ವ್ಯಾಕರಣದಲ್ಲಿ ತಪ್ಪಿಲ್ಲ, ಸುಳ್ಳೂ ಇಲ್ಲ. ಅಂಕ ಕಡಿಯಲು ಮೇಷ್ಟ್ರಿಗೆ ಕಾರಣ ಸಿಗುವುದಿಲ್ಲ.

ತಮಾಷೆಯೆಂದರೆ ನಮ್ಮ ಪ್ರಶ್ನೆಪತ್ರಿಕೆಗಳಷ್ಟು ‘ಸಂದರ್ಭ’ ಎಂಬ ಮಾತನ್ನು ಜಪಿಸುವವರು ಬೇರೆ ಯಾರೂ ಇಲ್ಲ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯದೆ ಕನ್ನಡ ಪರೀಕ್ಷೆ ದಾಟಿದವರುಂಟೆ? ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಬರೆದು, ಕೊನೆಗೆ ‘ಇಲ್ಲಿ ಕವಿಯ ವರ್ಣನೆ ಸ್ವಾರಸ್ಯಕರವಾಗಿದೆ’ ಎಂದು ಸೇರಿಸಿದರೆ ಮುಗಿಯಿತು. ಗೊತ್ತಿಲ್ಲದ ಪದ ಎದುರಾದಾಗ ಅದೇ ಸಂದರ್ಭವನ್ನು ಕೈಯಲ್ಲಿ ಹಿಡಿದು ಅರ್ಥ ಹುಡುಕಬಹುದು ಎಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಗೈಡು ಮಾರುವವರ ಗತಿ ಏನಾಗಬೇಕು!

ಅಕ್ಕನ ಮೊಮ್ಮಗಳು ನಾಲ್ಕನೇ ತರಗತಿ. ತಮಿಳುನಾಡಿನಲ್ಲಿ 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂದು ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡ ಶಾಲೆಗಳು ಇವೆಯಾದರೂ ಎಲ್ಲ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ. ಕಾಯ್ದೆಯ ಸರಿತಪ್ಪು ನ್ಯಾಯಾಲಯಗಳಲ್ಲಿ ಬೇಕಾದಷ್ಟು ಚರ್ಚೆಯಾಗಿದೆ, ಇಲ್ಲಿ ಬೇಡ. ಈ ಹುಡುಗಿಗೆ ಕನ್ನಡದ ಅಕ್ಷರ ಕಲಿಸಿದವಳು ಅಕ್ಕ, ಅದೂ ಹಳೆಯ ಕ್ಯಾಲೆಂಡರಿನಲ್ಲಿ. ಹಾಗಾಗಿ ಅವಳು ಮೊದಲು ಓದಲು ಕಲಿತ ಕನ್ನಡ ಪದಗಳು ರಾಹುಕಾಲ, ಗುಳಿಕಕಾಲ, ಯಮಗಂಡಕಾಲ.

ಒಂದು ಮಧ್ಯಾಹ್ನ ನಾನು ಒಯ್ದಿದ್ದ ಮಕ್ಕಳ ಕಥೆಪುಸ್ತಕ ಹಿಡಿದು ಜಗುಲಿಯ ಮೇಲೆ ಬೋರಲು ಮಲಗಿ ಜೋರಾಗಿ ಓದುತ್ತಿದ್ದಳು. ಬರಗಾಲದ ಕಥೆ. ಊರಲ್ಲಿ ಯಾರ ಮನೆಯಲ್ಲೂ ಕಾಳಿಲ್ಲ, ಒಬ್ಬ ಮುದುಕ ತನ್ನ ಮನೆಯ ಹಗೇವು ತೆಗೆಸುತ್ತಾನೆ.

“ತಾತ, ಹಗೇವು ಅಂದ್ರೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅಕ್ಕ ಕೂಗಿದಳು: “ಹೇಳ್ಬೇಡ ಕಣೋ, ಅವಳೇ ಓದ್ಕೊಳ್ಳಲಿ.” ಅಕ್ಕ ಶಿಕ್ಷಣಶಾಸ್ತ್ರ ಓದಿದವಳಲ್ಲ. ಸಾರು ಇಳಿಸುವ ತನಕ ಹುಡುಗಿ ಅಡುಗೆಮನೆಗೆ ಬರದಿದ್ದರೆ ಸಾಕು ಎನ್ನುವುದು ಅವಳ ಲೆಕ್ಕ. ದೊಡ್ಡ ದೊಡ್ಡ ಬೋಧನಾ ತತ್ವಗಳು ಹೀಗೆಯೇ ಹುಟ್ಟಿರಬೇಕು.

“ಹಗೇವಿನ ಬಾಯಿ ತೆಗೆದರು ಅಂತ ಇದೆ. ಬಾಯಿ ಇದೆ ಅಂದ್ಮೇಲೆ ರಾಕ್ಷಸ.”

“ಮುಂದೆ ಓದು.”

ಮುಂದೆ, ಒಳಗಿನ ಕಾವು ಹೋಗಲೆಂದು ಅವರೆಲ್ಲ ಸ್ವಲ್ಪ ಹೊತ್ತು ಕಾದರು.

“ಕಾವು ಅಂದ್ರೆ ಬಿಸಿ ಅಲ್ವಾ? ಹಾಗಾದ್ರೆ ಒಲೆ. ದೊಡ್ಡ ಒಲೆ. ಮದುವೆಗೆ ಮಾಡ್ತಾರಲ್ಲ, ಅದು.”

ಮುಂದಿನ ಸಾಲಿನಲ್ಲಿ ಒಬ್ಬ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗೆ ಇಳಿದ. ಹುಡುಗಿ ಎದ್ದು ಕೂತಳು. “ಒಲೆ ಒಳಗೆ ಯಾರಾದ್ರೂ ಇಳೀತಾರಾ! ಇದು ಬಾವಿ.” ಇಷ್ಟು ಹೇಳಿ ಗೆದ್ದೆ ಎಂಬಂತೆ ನನ್ನ ಮುಖ ನೋಡಿದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮುಂದಿನ ಸಾಲಿನಲ್ಲಿ ಕುಕ್ಕೆ ಕುಕ್ಕೆ ರಾಗಿ ಮೇಲೆ ಬಂತು. ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು, ಬೆರಳಿಟ್ಟು.

“ಬಾವೀಲಿ ರಾಗಿ ಹೆಂಗೆ ಬರುತ್ತೆ ತಾತ? ನೆಂದುಹೋಗಲ್ವಾ?” ಸ್ವಲ್ಪ ಹೊತ್ತು ಕಾಲ ಬೆರಳನ್ನು ಆಡಿಸುತ್ತ ಕೂತಿದ್ದಳು. ಆಮೇಲೆ ಕೂಗಿದಳು: “ನೀರಿಲ್ಲದ ಬಾವಿ! ರಾಗಿ ಇಡೋಕೇ ತೋಡಿರೋದು. ರಾಗಿ ಬಾವಿ!”

ಹಗೇವು ಕಂಡವರು ಇದಕ್ಕಿಂತ ಚೆನ್ನಾಗಿ ಹೇಳಲಾರರು. ನೆಲವನ್ನು ಆಳವಾಗಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸಾಯಬಹುದು. ಅದಕ್ಕೇ ಕಾಯುವುದು, ಅದಕ್ಕೇ ಹಗ್ಗ. ಹುಡುಗಿ ಬಾಯಿಯನ್ನೂ ಕಾವನ್ನೂ ಹಗ್ಗವನ್ನೂ ಒಂದೊಂದಾಗಿ ಹಿಡಿದು ತಾನೇ ಇಳಿದು ರಾಗಿ ಮುಟ್ಟಿದ್ದಳು. ಹೆಮ್ಮೆಯಿಂದ ಪುಸ್ತಕದ ಹಿಂದಿನ ಪುಟ ತಿರುಗಿಸಿ ಅರ್ಥ ನೋಡಿದಳು. ಅಲ್ಲಿ ಇದ್ದದ್ದು: ಹಗೇವು = ಭೂಗತ ಧಾನ್ಯಾಗಾರ.

“ತಾತ, ಭೂಗತ ಅಂದ್ರೆ?”

ಭೂಗತ ಎಂಬ ಮಾತು ನಾನು ನೋಡಿರುವುದೆಲ್ಲ ಪತ್ರಿಕೆಗಳಲ್ಲಿ, ಮುಂಬೈಯ ದೊರೆಗಳ ಹೆಸರಿನ ಹಿಂದೆ. ಅವರು ರಾಗಿ ದಾಸ್ತಾನು ಮಾಡಿದ್ದನ್ನು ಕೇಳಿಲ್ಲ. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, “ಹಗೇವು ನಮ್ಮನೆ ಮುಂದೇನೇ ಇತ್ತಲ್ಲೇ. ನಿಮ್ಮಪ್ಪ ಗಾಡಿ ನಿಲ್ಲಿಸ್ತಾನಲ್ಲ, ಅದರ ಕೆಳಗೆ. ಮುಚ್ಚಿಸಿ ಯಾವ ಕಾಲವಾಯ್ತೋ” ಎಂದಳು. ಹುಡುಗಿ ಹೋಗಿ ಮೋಟಾರುಸೈಕಲ್ಲಿನ ಪಕ್ಕ ಕಾಲು ಕುಟ್ಟಿ ಕುಟ್ಟಿ ನೋಡಿದಳು. ಊಟಕ್ಕೆ ಕರೆದರೂ ಬರಲಿಲ್ಲ.

ಈ ವಿದ್ಯೆ ಹೊಸದೇನೂ ಅಲ್ಲ. ಮಗು ಮಾತು ಕಲಿಯುವುದು ಹೇಗೆ ಎಂದು ನಮ್ಮ ಮೀಮಾಂಸಕರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು. ಅವರು ಕೊಡುವ ಉದಾಹರಣೆಯಲ್ಲಿ ಮನೆಯ ಹಿರಿಯನೊಬ್ಬ ಇನ್ನೊಬ್ಬನಿಗೆ ಹಸು ತಾ ಎನ್ನುತ್ತಾನೆ, ಅವನು ತರುತ್ತಾನೆ. ಆಮೇಲೆ ಹಸು ಕಟ್ಟು ಎನ್ನುತ್ತಾನೆ, ಕಟ್ಟುತ್ತಾನೆ. ಆಮೇಲೆ ಕುದುರೆ ತಾ. ಪಕ್ಕದಲ್ಲಿ ಬೇರೆ ಕೆಲಸವಿಲ್ಲದೆ ಕೂತ ಮಗು ಇದನ್ನೆಲ್ಲ ನೋಡುತ್ತ, ಯಾವ ಮಾತು ಹೋದಾಗ ಯಾವ ವಸ್ತು ಹೋಯಿತು, ಯಾವ ಮಾತು ಬಂದಾಗ ಯಾವ ಕೆಲಸ ಬಂತು ಎಂದು ಲೆಕ್ಕ ಹಾಕಿ ಹಸು ಯಾವುದು, ತರುವುದು ಯಾವುದು ಎಂದು ಬೇರೆ ಬೇರೆ ಮಾಡಿಕೊಳ್ಳುತ್ತದೆ. ಆ ಕಾಲದ ಆಳುಗಳು ಒಂದು ಹಸುವನ್ನು ಎಷ್ಟು ಸಲ ತಂದು ಕಟ್ಟಬೇಕಾಯಿತೋ ಪಾಪ. ಬೇರಿಕೆಯ ಮಗುವಿಗೆ ಕೆಲಸ ಸ್ವಲ್ಪ ಸುಲಭ. ತಮಿಳಿನ ಗೌಂಡರು ‘ಮಾಟ್ಟೆ ಕಟ್ಟು’ ಎಂದರೆ, ಕಟ್ಟು ಎನ್ನುವುದು ಮೂರು ಭಾಷೆಗೂ ಒಂದೇ ಆದ್ದರಿಂದ, ಆ ತುದಿ ಹಿಡಿದರೆ ಸಾಕು, ಇನ್ನೊಂದು ತುದಿಯಲ್ಲಿ ದನ ಸಿಗುತ್ತದೆ.

ಪದದ ಅರ್ಥ ತಿಳಿಯಲು ಹಳಬರು ಒಟ್ಟು ಎಂಟು ದಾರಿ ಹೇಳಿದ್ದಾರೆ: ವ್ಯಾಕರಣ, ಉಪಮಾನ, ಕೋಶ, ನಂಬಬಹುದಾದವರ ಮಾತು, ಹಿರಿಯರ ಬಳಕೆ, ವಾಕ್ಯಶೇಷ, ವಿವರಣೆ, ಗೊತ್ತಿರುವ ಪದದ ನೆರೆ. ಎಂಟರಲ್ಲಿ ಕೋಶ ಒಂದು. ನಮ್ಮ ಶಾಲೆಗಳು ಉಳಿದ ಏಳಕ್ಕೂ ಬೇಲಿ ಹಾಕಿ ಆ ಒಂದನ್ನೇ ತೆರೆದಿಟ್ಟಿವೆ. ನಮ್ಮ ಹುಡುಗಿ ಮಾಡಿದ್ದು ವಾಕ್ಯಶೇಷ, ಅಂದರೆ ಮುಂದೆ ಓದು ಎಂದಷ್ಟೇ. ಊಟಕ್ಕೆ ಕೂತವನು ಸೈಂಧವ ಕೇಳಿದರೆ ಉಪ್ಪು ಬಡಿಸಬೇಕು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ ತರಬೇಕು ಎಂಬ ಉದಾಹರಣೆಯೂ ಅದೇ ಪಾಠಶಾಲೆಗಳದ್ದು. ಎಲೆಯ ಮುಂದೆ ಕುದುರೆ ತಂದು ನಿಲ್ಲಿಸುವ ಶಿಷ್ಯರೂ ಆಗ ಇದ್ದಿರಬೇಕು, ಇಲ್ಲದಿದ್ದರೆ ಉದಾಹರಣೆಯ ಅಗತ್ಯ ಬೀಳುತ್ತಿರಲಿಲ್ಲ.

ಕೋಶದ ಮೇಲೆ ನನಗೆ ದ್ವೇಷವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದ ಮರುಮುದ್ರಣ ನಮ್ಮ ಮನೆಯಲ್ಲೂ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ. ಅದನ್ನು ಬಿಚ್ಚಿ ನೋಡಿ: ಪದ, ಅರ್ಥ, ಅದರ ಕೆಳಗೆ ಶಾಸನದಿಂದ, ಕಾವ್ಯದಿಂದ, ಹೊಸ ಬರಹದಿಂದ ಎತ್ತಿಕೊಟ್ಟ ಪ್ರಯೋಗಗಳು. ನಿಘಂಟು ಮಾಡಿದ ವಿದ್ವಾಂಸರಿಗೆ ಅರ್ಥವನ್ನು ಯಾರೂ ಚೀಟಿಯಲ್ಲಿ ಬರೆದು ಕೊಟ್ಟಿರಲಿಲ್ಲ. ಅವರು ಪದ ಬಂದ ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು, ಇಲ್ಲಿ ಹೀಗಿರಬೇಕು, ಅಲ್ಲಿ ಹೊಂದುವುದಿಲ್ಲ, ಹಾಗಾದರೆ ಇನ್ನೊಂದು ಎಂದು ತೂಗಿ ತೂಗಿ ಗೊತ್ತುಮಾಡಿದರು. ಜಗುಲಿಯ ಮೇಲೆ ಬೋರಲು ಮಲಗಿ ಓದಿದ ಹುಡುಗಿಯೂ ಅದನ್ನೇ ಮಾಡಿದ್ದು. ವಿದ್ವಾಂಸರು ಕುರ್ಚಿಯ ಮೇಲೆ ಕೂತು ಮಾಡಿದರು, ವ್ಯತ್ಯಾಸ ಅಷ್ಟೇ. ಒಬ್ಬರು ಪಟ್ಟಪಾಡಿನ ಕೊನೆಯ ಸಾಲನ್ನು ಮಾತ್ರ ಕಿತ್ತು ಮಕ್ಕಳಿಗೆ ಬಾಯಿಪಾಠಕ್ಕೆ ಕೊಟ್ಟರೆ ಅದು ವಿದ್ಯೆಯಲ್ಲ.

ಹಾಗೆಂದು ಸಂದರ್ಭವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದು ಒಮ್ಮೊಮ್ಮೆ ಮಕ್ಕಳನ್ನು ನೇರ ಹಳ್ಳಕ್ಕೆ ಕರೆದೊಯ್ಯುತ್ತದೆ. ಅದರಲ್ಲೂ ನಮ್ಮ ಮನೆಗಳಲ್ಲಿ ಹಿರಿಯರು ಮಾತಾಡುವುದು ಅರ್ಧಕ್ಕರ್ಧ ಕೊಂಕಿನಲ್ಲಿ. ಅಕ್ಕ ‘ಪುಣ್ಯಾತ್ಮ’ ಎಂಬ ಮಾತನ್ನು ಹೊಗಳಿಕೆಗೆ ಬಳಸಿದ್ದನ್ನು ನಾನು ಈವರೆಗೆ ಕೇಳಿಲ್ಲ. ‘ಎಲ್ಲಿಗೆ ಹೋಗಿದ್ದೆಯೋ ಪುಣ್ಯಾತ್ಮ’, ‘ಬಂದರಪ್ಪ ಪುಣ್ಯಾತ್ಮರು’. ಬರೀ ಸಂದರ್ಭದಿಂದ ಅರ್ಥ ಮಾಡಿಕೊಂಡ ಮಗು ಪರೀಕ್ಷೆಯಲ್ಲಿ ‘ಪುಣ್ಯಾತ್ಮ = ಹೊತ್ತಿಗೆ ಸರಿಯಾಗಿ ಮನೆಗೆ ಬಾರದವನು’ ಎಂದು ಬರೆದರೆ ಯಾರನ್ನು ಬೈಯುವುದು? ‘ಮಹಾನುಭಾವ’ನ ಗತಿಯೂ ಇದೇ. ಅಮೆರಿಕದಲ್ಲಿ ಐಸಬೆಲ್ ಬೆಕ್ ಮತ್ತು ಸಂಗಡಿಗರು 1983ರಲ್ಲಿ ಇದನ್ನೇ ಬರೆದರು: ಎಲ್ಲ ಸಂದರ್ಭಗಳೂ ಒಂದೇ ಥರ ಅಲ್ಲ; ಕೆಲವು ದಾರಿ ತೋರುತ್ತವೆ, ಕೆಲವು ಸುಮ್ಮನಿರುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ಹಗೇವಿನ ಕಥೆಯಲ್ಲೂ ಮೊದಲ ಸಾಲು ರಾಕ್ಷಸನನ್ನೇ ತಂದು ನಿಲ್ಲಿಸಿತ್ತಲ್ಲ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಬೇರಿಕೆಯಲ್ಲಿ ಇವತ್ತಿಗೂ ಒಂದು ಮೋಟಾರುಸೈಕಲ್ಲಿನ ಕೆಳಗೆ ರಾಕ್ಷಸ ಇರುತ್ತಿದ್ದ.

ಆದ್ದರಿಂದ ಜೊತೆಯಲ್ಲಿ ಕೂತ ದೊಡ್ಡವರಿಗೆ ಕೆಲಸವಿಲ್ಲವೆಂದಲ್ಲ. ಮಗು ಊಹಿಸಿದ್ದನ್ನು ಅದೇ ಸಾಲಿನಲ್ಲಿ ಪದದ ಜಾಗಕ್ಕೆ ಇಟ್ಟು ಓದಿಸಬೇಕು. ಒಲೆಯ ಬಾಯಿ ತೆಗೆದರು, ಒಲೆಯೊಳಗೆ ಹಗ್ಗ ಹಿಡಿದು ಇಳಿದರು ಎಂದು ಓದಿದ ಕೂಡಲೇ ಮಗುವೇ ನಗುತ್ತದೆ. ನಾವು ತಪ್ಪು ಎನ್ನುವ ಅಗತ್ಯ ಬೀಳುವುದಿಲ್ಲ. ಪದವನ್ನು ಬಿಡಿಸಿ ನೋಡಲು ಹೇಳಬೇಕು. ಕನ್ನಡದಲ್ಲಿ ಕಣ್ಣೀರು, ಹಿನ್ನೀರು, ಮುಂಗಾರು ಎಲ್ಲ ತಮ್ಮ ಅರ್ಥವನ್ನು ತಾವೇ ಹೊತ್ತು ತಿರುಗುತ್ತವೆ. ಗಡಿಯ ಮಕ್ಕಳಿಗೆ ಇನ್ನೂ ಒಂದು ಅನುಕೂಲವಿದೆ. ಹಳಗನ್ನಡದ ಪುಲಿ, ಪೂ, ಪಲ್ ಕಂಡರೆ ಬೆಂಗಳೂರಿನ ಮಗು ಟ್ಯೂಷನ್ನಿಗೆ ಓಡುತ್ತದೆ. ಬೇರಿಕೆಯ ಮಗುವಿಗೆ ಅವು ಪಕ್ಕದ ಬೀದಿಯಲ್ಲಿ ದಿನಾ ಕೇಳುವ ತಮಿಳಿನ ಹುಲಿ, ಹೂ, ಹಲ್ಲು. ‘ಸೊಲ್ಲೆತ್ತಬೇಡ’ ಎಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ, ಬಸ್ಸಿನಲ್ಲಿ ಎಲ್ಲರೂ ಸೊಲ್ಲುತ್ತಲೇ ಇರುತ್ತಾರೆ. ಗಡಿಯಾಚೆಯ ಅದೇ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು ‘ಚಿಕವೀರ ರಾಜೇಂದ್ರ’ಕ್ಕೆ 1983ನೇ ಸಾಲಿನ ಜ್ಞಾನಪೀಠ ತಂದರು. ಎರಡು ಭಾಷೆ ತಲೆಯಲ್ಲಿದ್ದರೆ ಕನ್ನಡ ಕೆಡುತ್ತದೆ ಎನ್ನುವವರು ಇದನ್ನು ಗಮನಿಸಬಹುದು.

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ಓದುವಾಗ ಎದುರಾದ ಹೊಸ ಪದಗಳಲ್ಲಿ ಮಕ್ಕಳು ತಾವಾಗಿ ಎಷ್ಟನ್ನು ದಕ್ಕಿಸಿಕೊಳ್ಳುತ್ತಾರೆ ಎಂದು ನಡೆದ ಹಲವು ಅಧ್ಯಯನಗಳನ್ನು ನೆದರ್ಲೆಂಡ್ಸಿನ ಸ್ವಾನ್‌ಬಾರ್ನ್ ಮತ್ತು ದ ಗ್ಲಾಪರ್ 1999ರಲ್ಲಿ ಒಟ್ಟುಗೂಡಿಸಿದರು. ಸಿಕ್ಕ ಲೆಕ್ಕ 100ಕ್ಕೆ ಸುಮಾರು 15. ಕಡಿಮೆ ಅನ್ನಿಸಬಹುದು. ಆದರೆ ಅದೇ ಪದ ಇನ್ನೊಂದು ಕಥೆಯಲ್ಲಿ, ಮತ್ತೊಂದು ಕಥೆಯಲ್ಲಿ ಬೇರೆ ಬೇರೆ ವೇಷದಲ್ಲಿ ಬಂದರೆ ಹಿಡಿತ ಬಿಗಿಯಾಗುತ್ತ ಹೋಗುತ್ತದೆ. ಅದಕ್ಕೆ ಕಥೆ ಬೇಕು, ಒಂದಲ್ಲ, ರಾಶಿ. ರಾಜರತ್ನಂ ಅವರ ತುತ್ತೂರಿ, ಕುವೆಂಪು ಅವರ ಕಿಂದರಿಜೋಗಿ, ಪಂಜೆಯವರ ಕಥೆಗಳು, ಇವತ್ತು ಬರೆಯುತ್ತಿರುವವರ ಪುಸ್ತಕಗಳು, ಎಲ್ಲವೂ ಕೈಗೆ ಸಿಗಬೇಕು. ಮನೆಯಲ್ಲಿರುವ ಕನ್ನಡವೆಲ್ಲ ಒಂದು ಕ್ಯಾಲೆಂಡರು, ಒಂದು ಪಂಚಾಂಗ, ಒಂದು ಮದುವೆ ಪತ್ರಿಕೆ ಎಂದಾದರೆ ಮಗು ಎಷ್ಟು ಜಾಣೆಯಾದರೂ ಕಲಿಯುವುದು ಯಮಗಂಡಕಾಲವನ್ನೇ. “ನೀನು ಬರುವಾಗ ಬಿಸ್ಕತ್ತು ತರ್ತೀಯ, ಅದು ನಮ್ಮ ಅಂಗಡೀಲೂ ಸಿಗತ್ತೆ” ಎಂದು ಅಕ್ಕ ಹೊರಡುವಾಗ ಹೇಳಿದ್ದರಲ್ಲಿ ನ್ಯಾಯವಿದೆ.

ನಿಮ್ಮ ಅಕ್ಕನೋ ಅತ್ತೆಯೋ ಹೊಸೂರು, ತಳಿ, ತಾಳವಾಡಿ, ಮಡಕಶಿರಾ, ಕಾಸರಗೋಡು ಎಲ್ಲಾದರೂ ಗಡಿಯಾಚೆ ಇದ್ದರೆ, ಮುಂದಿನ ಸಲ ಹೋಗುವಾಗ ಚೀಲದಲ್ಲಿ ನಾಲ್ಕು ಕನ್ನಡ ಕಥೆಪುಸ್ತಕ ಹಾಕಿಕೊಂಡು ಹೋಗಿ. ಕೊಡುವ ಮೊದಲು ಹಿಂದಿನ ‘ಪದಗಳ ಅರ್ಥ’ದ ಪುಟಗಳಿಗೆ ಎರಡು ಪಿನ್ನು ಹೊಡೆದುಬಿಡಿ. ಮಕ್ಕಳು ಅದನ್ನು ಹೇಗೂ ಕಿತ್ತು ನೋಡುತ್ತಾರೆ, ಆದರೆ ಅಷ್ಟರೊಳಗೆ ಕಥೆ ಮುಗಿದಿರುತ್ತದೆ.